ಬಲದ್‌ನ ಆಣೆ

ಯಾಕೂಬನಿಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತದೆ, ಆಮೇಲೆ ಮಾತು ನಿಲ್ಲುತ್ತದೆ. ಆ ಸೋಮವಾರ ಬೆಳಿಗ್ಗೆ ಮ್ಯಾನೇಜರ್ ಬ್ರಯನ್‌ನ ಮೇಜಿನ ಮುಂದೆ ನಿಂತಾಗ ಎರಡೂ ಆಗಿಹೋಗಿದ್ದವು.

ಗೌರಿಬಿದನೂರು ಕಡೆಯ ಅಲೀಪುರದವನು ಯಾಕೂಬ್, ಶಿಯಾ ಮುಸಲ್ಮಾನ. ಇಪ್ಪತ್ತೆರಡು ವರ್ಷದಿಂದ ದೋಹಾದ ಒಂದೇ ಕೇಟರಿಂಗ್ ಕಂಪನಿಗೆ ಬೆವರು ಸುರಿಸಿದ್ದಾನೆ. ಅಲ್ ರಯ್ಯಾನ್‌ನ ಅಡುಗೆಮನೆಯಿಂದ ಊಟ ಹೊತ್ತು ಹೊರಡುವ ವ್ಯಾನುಗಳ ಉಸ್ತುವಾರಿ ಅವನದು. ಅವನಿಗಿದ್ದ ಆಸೆ ಒಂದೇ. ಇರಾಕಿನಲ್ಲಿ ಬಲದ್ ಎಂಬ ಸಣ್ಣ ಪಟ್ಟಣವಿದೆ, ಅಲ್ಲಿ ಶಿಯಾಗಳ ಹತ್ತನೇ ಇಮಾಮರ ಮಗ ಸಯ್ಯದ್ ಮುಹಮ್ಮದರ ಸಮಾಧಿಯಿದೆ. ಮಕ್ಕಳಿಲ್ಲದ ಅವನ ತಾಯಿ ಆ ಹೆಸರಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವನು ಇವನು. ಹರಕೆ ತೀರಿಸುವ ಮೊದಲೇ ತಾಯಿ ಕಣ್ಣುಮುಚ್ಚಿದಳು. ಅವಳ ಪರವಾಗಿ ಒಂದು ಸಲ ಆ ಬಾಗಿಲಿಗೆ ಹೋಗಿಬರಬೇಕು. ರಜೆಯ ಅರ್ಜಿ ಕೊಟ್ಟು ಮೂರು ವರ್ಷವಾಯಿತು. ಉಡುಪಿ ಕಡೆಯ ಬ್ರಯನ್ ಪ್ರತಿ ಸಲವೂ "ಸೀಸನ್ ಮುಗೀಲಿ ಮಾರಾಯ" ಎನ್ನುತ್ತಿದ್ದ.

ಬಲದ್‌ನ ಈ ಸಯ್ಯದರ ಹೆಸರಲ್ಲಿ ಸುಳ್ಳಾಣೆ ಇಟ್ಟವನು ಉಳಿಯುವುದಿಲ್ಲವೆಂದು ನಂಬಿಕೆ. ಕಂಪನಿಯ ಯಜಮಾನ ಅಬೂ ಹೈದರ್ ಆ ಊರಲ್ಲೇ ಹುಟ್ಟಿದವನು. ಹಿಂದೊಮ್ಮೆ ಫ್ರೀಜರಿನ ಮಾಂಸ ಕಾಣೆಯಾದಾಗ ಯಾಕೂಬ್ ಆ ಆಣೆಯಿಟ್ಟ, ಯಜಮಾನ ಮರುಮಾತಿಲ್ಲದೆ ನಂಬಿದ. ಅಲ್ಲಿಂದ ಶುರುವಾಯಿತು ನೋಡಿ ಪೀಡೆ. ಏನು ಕಳೆದರೂ, ಏನು ಒಡೆದರೂ, ಕರೆಯಿರಿ ಯಾಕೂಬನನ್ನು, ಹಾಕಿಸಿ ಆಣೆ! ಒಬ್ಬ ಬಡವನ ಭಕ್ತಿಯನ್ನು ಆಫೀಸಿನ ರಬ್ಬರ್ ಸ್ಟಾಂಪು ಮಾಡಿಕೊಂಡಿದ್ದರು.

ಈಗ ಆ ಸ್ಟಾಂಪು ಒಂದು ಸುಳ್ಳಿಗೆ ಬೇಕಾಗಿತ್ತು. ಏಳನೇ ನಂಬರ್ ವ್ಯಾನಿನ ಎಸಿ ಕೆಟ್ಟಿದೆಯೆಂದು ಯಾಕೂಬ್ ಮೂರು ಸಲ ಹೇಳಿದ್ದ. ಮೂರು ಸಲವೂ ಬ್ರಯನ್ "ಯಲ್ಲಾ, ನಡೀಲಿ, ಓಡಿಸ್ಲಿ" ಎಂದಿದ್ದ. ಜುಲೈ ಬಿಸಿಲಿನಲ್ಲಿ ಓಡಿಸಿದ ಡ್ರೈವರ್, ಪುತ್ತೂರಿನ ಅನ್ಸಾಫ್, ಸ್ಟಿಯರಿಂಗ್ ಮೇಲೇ ಕುಸಿದು, ಕಿಡ್ನಿ ಕೈಕೊಟ್ಟು ಆಸ್ಪತ್ರೆಯಲ್ಲಿದ್ದಾನೆ. ತಪ್ಪು ಕಂಪನಿಯದಾದರೆ ಕಂಪನಿ ಖರ್ಚಲ್ಲಿ ಇಲ್ಲೇ ಚಿಕಿತ್ಸೆ. ಅವನದೇ ಆದರೆ ನೇರ ಊರಿನ ವಿಮಾನ.

"ದೊಡ್ಡ ವಿಷಯ ಎಂತ ಇಲ್ಲ ಮಾರಾಯ," ಎಂದ ಬ್ರಯನ್. "ವ್ಯಾನ್ ತೆಗೀಬೇಡ ಅಂತ ಹೇಳಿದ್ದೆ, ಅನ್ಸಾಫ್ ಕೇಳ್ಲಿಲ್ಲ ಅಂತ ಯಜಮಾನರ ಎದುರು ಒಂದು ಆಣೆ ಹಾಕು. ನಿನ್ನ ಲೀವ್ ಇವತ್ತೇ ಅಪ್ರೂವ್."

ಯಾಕೂಬನ ಮೈಯೆಲ್ಲ ಉರಿಯಿತು. ಯಾರ ಬಾಗಿಲಿಗೆ ಹೋಗಬೇಕೋ ಅವರ ಹೆಸರಲ್ಲೇ ಸುಳ್ಳು ಹೇಳಿ ರಜೆ ಗಿಟ್ಟಿಸಿಕೋ ಎನ್ನುತ್ತಾನಲ್ಲ, ನಾಚಿಕೆಗೆಟ್ಟವನು!

ಅಬೂ ಹೈದರ್ ಒಳಬಂದು ಕೂತ. ಯಾಕೂಬ್ ತನ್ನ ಹರಕುಮುರುಕು ಅರಬಿಯಲ್ಲಿ, ಸಯ್ಯದ್ ಮುಹಮ್ಮದರ ಮೇಲೆ ಆಣೆಯಿಟ್ಟು, ನಡೆದದ್ದನ್ನೇ ಹೇಳಿದ. ಮೂರು ಸಲ ಹೇಳಿದ್ದು, ಬ್ರಯನ್ ಕೊಟ್ಟ ಉತ್ತರ, ಎಲ್ಲ.

ಯಜಮಾನ ತಲೆಯಾಡಿಸಿದ. "ನಿನ್ನ ಮಾತು ನಂಬಿದೆ," ಎಂದ. ಆಮೇಲೆ, ಅನ್ಸಾಫನದೇ ತಪ್ಪೆಂದು ಬ್ರಯನ್ ಬರೆದಿಟ್ಟಿದ್ದ ವರದಿಯನ್ನೇ ಹತ್ತಿರ ಎಳೆದುಕೊಂಡು ಪೆನ್ನು ತೆರೆದ. "ಆದರೆ ಕಂಪನಿ ಉಳಿಯಬೇಕಲ್ಲ ಯಾಕೂಬ್. ಖಲಾಸ್."

ಬ್ರಯನ್ ಸುಳ್ಳ, ಅದು ಗೊತ್ತಿದ್ದದ್ದೇ. ಈ ಯಜಮಾನ ಸತ್ಯ ತಿಳಿದೂ ಸುಳ್ಳಿಗೆ ಸಹಿ ಹಾಕುತ್ತಿದ್ದಾನೆ! ಯಾಕೂಬ್ ಮೇಜಿನ ಮೇಲಿದ್ದ ತನ್ನ ರಜೆಯ ಅರ್ಜಿಯನ್ನು ತೆಗೆದು ಎರಡು ತುಂಡು ಮಾಡಿ, ಅದೇ ಹರಕು ಅರಬಿಯಲ್ಲಿ ಹೇಳಿದ.

"ರಜಾ ಬೇಡ ಬಾಬಾ. ಕೆಲ್ಸಾನೇ ಬಿಟ್ಟು ಹೋಗ್ತೀನಿ. ನಿಮ್ಮೂರಿಗೇ. ಅಲ್ಲಿ ಸಮಾಧಿ ಜಾಲರಿ ಹಿಡ್ಕೊಂಡು ಮೂರು ಹೆಸ್ರು ಹೇಳ್ತೀನಿ. ಮೊದಲ್ನೇದು ನಮ್ಮಮ್ಮಂದು. ಎರಡ್ನೇದು ಅನ್ಸಾಫ್‌ದು. ಮೂರ್ನೇದು ನಿಮ್ದು, ನಿಮ್ಮ ತಂದೆ ಹೆಸ್ರೂ ಸೇರಿಸಿ. ಇವತ್ತು ಏನ್ ಮಾಡಿದ್ರಿ ಅಂತಾನೂ ಹೇಳ್ತೀನಿ."

ಅಬೂ ಹೈದರನ ಪೆನ್ನು ಸಹಿಯ ಅರ್ಧದಲ್ಲಿ ನಿಂತಿತು.

"ಹಾಕಿ ಬಾಬಾ," ಎಂದ ಯಾಕೂಬ್. "ಪೂರ್ತಿ ಹಾಕಿ, ನೋಡ್ಕೊಂಡೇ ಹೋಗ್ತೀನಿ."

ಪೆನ್ನು ಮುಂದೆ ಹೋಗಲಿಲ್ಲ.