ಸಿಂಕ್ ಗುಂಡಿಗೆ ಅಂಟಿಸಿದ ಬೊಟ್ಟು

ನಾನು ಲ್ಯಾಪ್‌ಟಾಪಿಗೆ ಬೈಯುತ್ತೇನೆ. ಮನಸ್ಸಿನಲ್ಲಲ್ಲ, ಬಾಯಿಬಿಟ್ಟು, ಮದುವೆ ಮಂಟಪದಲ್ಲೇ, ಮೈಕು ಆಫ್ ಆಗಿದೆಯೇ ಎಂದು ಒಮ್ಮೆ ನೋಡಿಕೊಂಡು ಬೈಯುತ್ತೇನೆ. ಹಾಗೆ ನೋಡಿಕೊಳ್ಳುವುದು ಒಂದೆರಡು ಸಲ ಮರೆತದ್ದೂ ಉಂಟು. ಆಗ ವಧೂವರರ ತಲೆಯ ಮೇಲೆ ಅಕ್ಷತೆಯ ಜೊತೆಗೆ ನನ್ನ ನಾಲ್ಕು ಮಾತುಗಳೂ ಬಿದ್ದಿವೆ.

ನನಗೆ ನಲವತ್ತೊಂಬತ್ತು ವರ್ಷ, ಊರು ಸೋಮವಾರಪೇಟೆ, ಕಸುಬು ಡಿಜೆ. ಈ ಮೂರನ್ನು ಒಟ್ಟಿಗೆ ಹೇಳಿದರೆ ಜನ ಮೊದಲೆರಡನ್ನು ಮಾತ್ರ ನಂಬುತ್ತಾರೆ. ಹಣೆಯಲ್ಲಿ ವಿಭೂತಿ, ಅದರ ಕೆಳಗೆ ಬೊಟ್ಟು, ಕತ್ತಿನಲ್ಲಿ ಹೆಡ್‌ಫೋನು ಇರುವ ಹೆಂಗಸನ್ನು ಕಂಡರೆ ಮಂಟಪದ ಮ್ಯಾನೇಜರು ಈಗಲೂ 'ಅಡಿಗೆಯವರು ಹಿಂದಿನ ಬಾಗಿಲಿಂದ ಬರಬೇಕು' ಎನ್ನುತ್ತಾನೆ. ಅಪ್ಪನದು ಮೈಕ್‌ಸೆಟ್ ಅಂಗಡಿ. ಅವರ ಹಳೆಯ ಗ್ರಾಮಾಫೋನು ಸರಿಯಾದ ವೇಗದಲ್ಲಿ ತಿರುಗುತ್ತಿದೆಯೇ ಎಂದು ತಿಳಿಯಲು ತಟ್ಟೆಯ ಕೆಳಗೆ ಒಂದು ಕಾಗದದ ಚೂರು ಸಿಕ್ಕಿಸಿ, ಅದು ಒಂದು ನಿಮಿಷಕ್ಕೆ ಎಷ್ಟು ಸುತ್ತು ಬರುತ್ತದೆಂದು ಗಡಿಯಾರ ಹಿಡಿದು ಎಣಿಸುತ್ತಿದ್ದರು. ಎಣಿಸುವ ಕೆಲಸ ನನ್ನದು. ಎಪ್ಪತ್ತೆಂಟು ಬಂದರೆ ವೇಗ ಸರಿ, ನನಗೆ ಒಂದು ಬೆಲ್ಲದ ಚೂರು. ಬೆಲ್ಲದಾಸೆಗೆ ನಾನು ಪ್ರತಿಸಲವೂ ಎಪ್ಪತ್ತೆಂಟೇ ಎಣಿಸುತ್ತಿದ್ದೆ. ಸೋಮವಾರಪೇಟೆಯ ಎಷ್ಟು ಮದುವೆಗಳು ಓಡು ನಡಿಗೆಯಲ್ಲಿ ಮುಗಿದವೋ ದೇವರೇ ಬಲ್ಲ.

ಹೀಗೆ ಬೆಲ್ಲ ತಿಂದು ಬೆಳೆದವಳು ಲ್ಯಾಪ್‌ಟಾಪಿನಲ್ಲಿ ಹಾಡು ಬೆರೆಸಲು ಒಂದು ಸಾಫ್ಟ್‌ವೇರ್ ಆರಿಸಿಕೊಳ್ಳಬೇಕಾಗಿ ಬಂತು. ಸೀರೆ ಆರಿಸುವಾಗಲೂ ನನಗಿಷ್ಟು ಪಿತ್ತ ಕೆರಳಿಲ್ಲ. ಸೀರೆ ಅಂಗಡಿಯವನು ಕನಿಷ್ಠ ಸೆರಗು ಬಿಚ್ಚಿ ತೋರಿಸುತ್ತಾನೆ. ಇಲ್ಲಿ ಯಾರನ್ನೇ ಕೇಳಿ, ಒಂದೇ ಉತ್ತರ: 'ಅದು ನಿಮ್ಮ ಅಗತ್ಯದ ಮೇಲೆ ಹೋಗುತ್ತದೆ.' ನನ್ನ ಅಗತ್ಯ ನನಗೆ ಗೊತ್ತಿದ್ದರೆ ನಿನ್ನನ್ನೇಕೆ ಕೇಳುತ್ತಿದ್ದೆ? ಡಿಜೆಗಳ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ಪೊನ್ನಂಪೇಟೆಯವನೊಬ್ಬ ತನ್ನದನ್ನು ಹೊಗಳಿದ, ಕುಶಾಲನಗರದವನೊಬ್ಬ ಅದನ್ನು ಜರೆದ, ಇಬ್ಬರೂ ಮೂರು ದಿನ ಕಿತ್ತಾಡಿ ಗುಂಪು ಬಿಟ್ಟು ಹೋದರು. ವೀಡಿಯೊ ನೋಡಿದೆ. ಯಾವುದೋ ದೇಶದ ಗಡ್ಡದವನು ಒಂದು ಗಂಟೆ ಕಾಲ ಒಂದೇ 'ಡಬ್ ಡಬ್' ಹಾಕಿ ಅದರ ಗುಣಗಳನ್ನು ಕೊಂಡಾಡುತ್ತಿದ್ದ. 'ವಾಲಗ ಹಾಕಿ ನೋಡಿದ್ದೀರಾ?' ಎಂದು ಕೆಳಗೆ ಬರೆದೆ. ಯಾರೋ ಹೆಬ್ಬೆರಳು ಎತ್ತಿ ತೋರಿಸಿದರು. ಅದು ಹೌದೋ ಅಲ್ಲವೋ ಇವತ್ತಿಗೂ ತಿಳಿದಿಲ್ಲ.

ಮೊದಲು ತಂದದ್ದಕ್ಕೆ ನನ್ನ ಮೇಲೆ ಮಹಾ ಅನುಮಾನ. ತೆರೆದಾಗಲೆಲ್ಲ ನಾನು ನಾನೇ ಹೌದೇ ಎಂದು ಅದು ಇಂಟರ್‌ನೆಟ್ಟಿನಲ್ಲಿ ವಿಚಾರಿಸಿಕೊಂಡು ಬರಬೇಕು. ಸಂಪಾಜೆಯ ಹತ್ತಿರ, ಘಟ್ಟದ ಬುಡದ ಒಂದು ಮಂಟಪದಲ್ಲಿ ನೆಟ್‌ವರ್ಕ್ ಎಂಬುದು ಹೆಸರಿಗೂ ಇರಲಿಲ್ಲ. ನನ್ನ ಗಂಡ ಮಲ್ಲೇಶ, ಸ್ಪೀಕರ್ ಹೊರುವುದೂ ವ್ಯಾನು ಓಡಿಸುವುದೂ ಅವರದೇ, ಫೋನನ್ನು ಆರತಿ ತಟ್ಟೆಯ ಹಾಗೆ ಎತ್ತಿ ಹಿಡಿದು ರಸ್ತೆಯ ತಿರುವುಗಳನ್ನು ಹತ್ತುತ್ತ ಹೋದರು. ಅಷ್ಟರಲ್ಲಿ ಮದುಮಗಳ ಸೋದರತ್ತೆ ಮೈಕು ಹಿಡಿದು ಒಂದು ಹಾಡು ಹೇಳಿದರು. ಹನ್ನೊಂದು ಚರಣ. ನಾನು ಆ ಪರದೆಯ ಮುಂದೆ ಕೂತು, ಹುಟ್ಟಿದಾಗಿನಿಂದ ನಾನು ನಾನಾಗಿಯೇ ಇದ್ದೇನೆ ಕಣೋ ಎಂದು ಹಲ್ಲು ಕಡಿಯುತ್ತಿದ್ದೆ. ಎರಡನೆಯದು ಬಿಟ್ಟಿಯದು. ಪಾಪ, ಸಾಧು. ಆದರೆ ಜನ ಕುಣಿಯಲು ಎದ್ದ ಕೂಡಲೇ ಅದಕ್ಕೆ ತೂಕಡಿಕೆ ಬರುತ್ತಿತ್ತು.

ಮೂರನೆಯದಕ್ಕೆ ನಾನೇ ಮೇಷ್ಟ್ರು ಎಂದು ಹೆಸರಿಟ್ಟೆ. ಯಾವ ಹಾಡು ಕೊಟ್ಟರೂ ಮೊದಲು ಅದನ್ನು ಅಳೆದು, ಗೆರೆ ಹಾಕಿ, ಬಣ್ಣ ಬಳಿದು, ತಾಳ ತಪ್ಪಿದ ಕಡೆ ಕೆಂಪು ಗುರುತು ಮಾಡುತ್ತಿತ್ತು. ಲ್ಯಾಪ್‌ಟಾಪಿಗೆ ಜೋಡಿಸುವ ಕಂಟ್ರೋಲರ್ ಎಂಬ ಹಲಗೆಯ ಮೇಲೆ ಎರಡು ಚಕ್ರ, ಒಂದಷ್ಟು ಗುಂಡಿ ಇರುತ್ತವೆ. ಅದರಲ್ಲಿ ಸಿಂಕ್ ಎಂಬ ಗುಂಡಿ ಒತ್ತಿದರೆ ಸಾಕು, ಎರಡು ಹಾಡುಗಳು ಪಥಸಂಚಲನದ ಹುಡುಗರಂತೆ ಒಂದೇ ಹೆಜ್ಜೆ ಹಾಕುತ್ತಿದ್ದವು. ನಾನು ಅದಕ್ಕೆ ಮರುಳಾದೆ. ಬೆಲ್ಲಕ್ಕಾಗಿ ಸುಳ್ಳು ಎಣಿಸಿದವಳಿಗೆ, ತಾನೇ ಎಣಿಸುವ ಯಂತ್ರ ಸಿಕ್ಕಿದರೆ ಇನ್ನೇನು ಬೇಕು? ಮಲ್ಲೇಶ ಮಾತ್ರ, "ಇದು ನಮ್ಮ ಎಂಟನೇ ಕ್ಲಾಸ್ ಲೆಕ್ಕದ ಮೇಷ್ಟ್ರ ಹಂಗೇ ಅದೆ ಕಣೇ, ಉತ್ತರ ಸರಿ ಇದ್ರೂ ಹೊಡೀತದೆ" ಎಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಿವಿಯಲ್ಲಿ ಹೆಡ್‌ಫೋನಿತ್ತು.

ಇಲ್ಲಿ ವಾಲಗದ ವಿಷಯ ಹೇಳಬೇಕು, ಇಲ್ಲವಾದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ಕೊಡಗಿನಲ್ಲಿ ಮದುವೆ ಯಾವ ಜಾತಿಯದಾಗಲಿ, ಯಾವ ಭಾಷೆಯದಾಗಲಿ, ಪೀಪಿ ಮತ್ತು ಡೋಲಿನ ವಾಲಗಕ್ಕೆ ಕುಣಿಯದೆ ಜನ ಮನೆಗೆ ಹೋಗುವುದಿಲ್ಲ. ಅದು ನಿಧಾನವಾಗಿ ಶುರುವಾಗುತ್ತದೆ, ಮುದುಕಿಯರೂ ಎದ್ದು ಬರಲಿ ಎಂದು. ಆಮೇಲೆ ಸ್ವಲ್ಪ ಸ್ವಲ್ಪವೇ ಏರುತ್ತದೆ. ಎಷ್ಟು, ಯಾವಾಗ ಎಂಬುದಕ್ಕೆ ಲೆಕ್ಕವಿಲ್ಲ. ಊದುವವನು ಕುಣಿಯುವವರ ಕಾಲು ನೋಡಿಕೊಂಡು ಊದುತ್ತಾನೆ. ಕಾಲು ಹಗುರಾದರೆ ಏರಿಸುತ್ತಾನೆ, ಯಾರಾದರೂ ಏದುಸಿರು ಬಿಟ್ಟರೆ ತಡೆಯುತ್ತಾನೆ. ನಮ್ಮ ಸಂಗೀತ ಪಂಡಿತರು ವಿಳಂಬ, ಮಧ್ಯ, ದ್ರುತ ಎಂದು ಮೂರು ಮೆಟ್ಟಿಲು ಕಟ್ಟಿಟ್ಟಿದ್ದಾರಲ್ಲ, ವಾಲಗದಲ್ಲಿ ಆ ಮೆಟ್ಟಿಲುಗಳಿಲ್ಲ, ಇಳಿಜಾರಿದೆ. ಈ ಜಿಲ್ಲೆಯಲ್ಲಿ ಸಮತಟ್ಟು ಜಾಗ ಎಲ್ಲಿದೆ ಹೇಳಿ?

ನೆಲ್ಯಹುದಿಕೇರಿಯ ಕಾಳಪ್ಪಣ್ಣ ಹಾಗೆ ಊದುತ್ತಿದ್ದವರು. ಅಪ್ಪನ ಮೈಕಿನ ಮುಂದೆ ಇಪ್ಪತ್ತು ವರ್ಷ ಊದಿದ್ದಾರೆ. ಈಗ ಮುಂದಿನ ಹಲ್ಲುಗಳೆಲ್ಲ ಹೋಗಿವೆ. ಕಟ್ಟಿಸಿದ ಹಲ್ಲಿನಲ್ಲಿ ಒಂದು ಸಲ ಊದಲು ಹೋಗಿ, ಪೀಪಿಯ ಜೊತೆಗೆ ಹಲ್ಲಿನ ಸೆಟ್ಟೂ ಕೈಗೆ ಬಂತಂತೆ. ಮೊದಮೊದಲು ಅದನ್ನು ತಾವೇ ನಕ್ಕು ಹೇಳುತ್ತಿದ್ದರು, ಆದರೆ ಅಂದಿನಿಂದ ಪೀಪಿಯನ್ನು ಪೆಟ್ಟಿಗೆಯಿಂದ ಹೊರತೆಗೆದಿಲ್ಲ. ಅವರ ಮೊಮ್ಮಗಳು ಪವಿತ್ರ ಮದುವೆಗೆ ಎರಡು ತಿಂಗಳ ಮುಂಚೆ ನಮ್ಮ ಅಂಗಡಿಗೆ ಬಂದಳು. "ಅಕ್ಕ, ಮದ್ವೇಲಿ ತಾತನ ವಾಲಗಕ್ಕೇ ಕುಣೀಬೇಕು. ನಿಮ್ಮಪ್ಪ ಟೇಪ್ ಮಾಡಿದ್ದು ಉಂಟಲ್ಲ? ತಾತಂಗೆ ಮೊದ್ಲೇ ಹೇಳ್ಬೇಡಿ. ಕೇಳಿದ ಕೂಡ್ಲೆ ಗೊತ್ತಾಗ್ಬೇಕು ಅವ್ರಿಗೆ." ತಾತ ಈಚೆಗೆ ತಮ್ಮ ಹಳೆಯ ಮಾತನ್ನೇ ಎತ್ತುವುದಿಲ್ಲವೆಂದೂ, ಯಾರಾದರೂ ವಾಲಗದ ಸುದ್ದಿ ತೆಗೆದರೆ ಎದ್ದು ಹೋಗುತ್ತಾರೆಂದೂ ಹೇಳಿದಳು.

ಇದ್ದದ್ದು ಒಂದೇ ಕ್ಯಾಸೆಟ್ಟು. ಒಂದು ಎಸ್ಟೇಟಿನ ಕಾಫಿ ಕಣದಲ್ಲಿ ಅಪ್ಪ ಬ್ಯಾಟರಿ ಟೇಪ್‌ರೆಕಾರ್ಡರಿನಲ್ಲಿ ಹಿಡಿದದ್ದು. ಅದರ ಮೇಲೆ ಅವರ ಕೈಬರಹದಲ್ಲಿ 'ಕಾಳಪ್ಪ, ಒಳ್ಳೆ ದಿನ' ಎಂದಿತ್ತು. ಅದನ್ನು ಲ್ಯಾಪ್‌ಟಾಪಿಗೆ ಇಳಿಸಿ ಮೇಷ್ಟ್ರ ಮುಂದಿಟ್ಟೆ. ಉದ್ದಕ್ಕೂ ಕೆಂಪು. ಶುರುವಿನಲ್ಲಿ ಒಂದು ವೇಗ, ನಡುವೆ ಒಂದು, ಕೊನೆಯಲ್ಲಿ ಇನ್ನೊಂದು. ತಾಳ ಸ್ಥಿರವಾಗಿಲ್ಲ, ಸರಿಪಡಿಸಲೇ ಎಂದು ಕೇಳಿತು. ಮೈಕ್‌ಸೆಟ್ಟಿನವನ ಮಗಳ ಬುದ್ಧಿ ಓಡಿದ್ದು ಇಲ್ಲಿ. ರೆಕಾರ್ಡ್ ಮಾಡುವಾಗ ಬ್ಯಾಟರಿ ಸೋತರೆ ಟೇಪು ನಿಧಾನವಾಗಿ ಸುತ್ತುತ್ತದೆ, ಆಮೇಲೆ ಹಾಕಿ ಕೇಳುವಾಗ ಹಾಡು ಓಡುತ್ತದೆ. ಅಪ್ಪ ಬ್ಯಾಟರಿಯ ವಿಷಯದಲ್ಲಿ ಕೈ ಬಿಗಿ. ಹಾಗಾಗಿ ಇದು ಬ್ಯಾಟರಿಯ ದೋಷವೇ ಸರಿ ಎಂದು ತೀರ್ಮಾನಿಸಿ, ಸರಿಪಡಿಸು ಎಂದೆ. ಜೊತೆಗೆ, ಹುಡುಗರಿಗೆ ಇಷ್ಟವಾಗಲಿ ಎಂದು ಇನ್ನೊಂದು ಚಕ್ರದಲ್ಲಿ ಡ್ರಮ್ಮಿನ ತಾಳವಿಟ್ಟು ಸಿಂಕ್ ಒತ್ತಿದೆ. ವಾಲಗ ನೂಲು ಹಿಡಿದ ಹಾಗೆ ನೆಟ್ಟಗೆ ಬಂತು. ಒಳ್ಳೆಯ ಕೆಲಸ ಮಾಡಿದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮದುವೆಯ ದಿನ, ಧಾರೆ ಮುಗಿದು ಊಟಕ್ಕೆ ಮುಂಚೆ ಹಾಕಿದೆ. ಪೀಪಿಯ ಮೊದಲ ಎಳೆ ಕೇಳಿದ್ದೇ ಜನ ಎದ್ದರು. ಪವಿತ್ರ ಮದುಮಗನ ಕೈ ಹಿಡಿದು ಎಳೆದುಕೊಂಡು ಬಂದಳು. ಒಂದು ನಿಮಿಷ, ಎರಡು, ಮೂರು. ಕಾಲುಗಳಿಗೆ ಬೇಸರ ಬಂತು. ವಾಲಗ ಈಗ ಏರುತ್ತದೆ, ಈಗ ಏರುತ್ತದೆ ಎಂದು ಕೈ ಎತ್ತಿಕೊಂಡು ಕಾದವರು ಕೈ ಇಳಿಸಿದರು. ಹಸಿರು ಸೀರೆಯ ಇಬ್ಬರು ಅಜ್ಜಿಯರು ಕುರ್ಚಿಗೆ ವಾಪಸಾದರು. ವಾಲಗ ನಡೆಯುತ್ತಿರುವಾಗ ಕೊಡಗಿನ ಅಜ್ಜಿಯೊಬ್ಬಳು ತಾನಾಗಿ ಕೂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮುಂದಿನ ಸಾಲಿನಲ್ಲಿ ಕೂತಿದ್ದ ಕಾಳಪ್ಪಣ್ಣ ಎದ್ದು ನನ್ನ ಮೇಜಿನ ಹತ್ತಿರ ಬಂದರು. "ಯಾರು ಮಗ ಇದು ಊದಿದ್ದು?" ಎಂದರು. "ಸ್ವರ ಚಂದ ಉಂಟು. ಆದ್ರೆ ಈ ಮನುಷ್ಯಂಗೆ ಕುಣಿಯೋರ ಕಡೆ ಗಮನವೇ ಇಲ್ಲ."

ಸುಳ್ಳು ಹೇಳಬಹುದಿತ್ತು. ಎಪ್ಪತ್ತೆಂಟು ಎನ್ನುವುದು ನನಗೆ ರೂಢಿಯೇ. ಆದರೆ ಪವಿತ್ರ ಕುಣಿಯುತ್ತಿದ್ದಲ್ಲಿಂದಲೇ ನಮ್ಮಿಬ್ಬರನ್ನು ನೋಡುತ್ತಿದ್ದಳು. "ಕಾಳಪ್ಪಣ್ಣ, ಇದು ನೀವೇ" ಎಂದೆ. ಅವರು ಸ್ಪೀಕರಿನ ಕಡೆ ತಿರುಗಿ ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಮೆಲ್ಲಗೆ, "ಇಷ್ಟು ವರ್ಷ ನಾನು ಹಿಂಗೆ ಊದಿದ್ದಾ?" ಎಂದರು.

ಬೈಯುವುದರಲ್ಲಿ ನನ್ನಷ್ಟು ಅನುಭವ ಇರುವವರು ಕಡಿಮೆ. ಆದರೆ ಆ ಹೊತ್ತಿನಲ್ಲಿ ಬಂದಂಥ ಸಿಟ್ಟು ನನಗೆ ಹಿಂದೆಂದೂ ಬಂದಿರಲಿಲ್ಲ. ಅದಕ್ಕೆ ಮಾತೇ ಇರಲಿಲ್ಲ. ಯಂತ್ರದ ಮೇಲಿನ ಸಿಟ್ಟು ಸುಲಭ, ಬೈದು ಮರೆಯಬಹುದು. ಇದು ನನ್ನ ಮೇಲೆ. ಬ್ಯಾಟರಿ ಸೋತದ್ದೇ ಆಗಿದ್ದರೆ ವೇಗದ ಜೊತೆ ಸ್ವರವೂ ಏರಬೇಕಿತ್ತು. ಸ್ವರ ಇದ್ದಲ್ಲೇ ಇತ್ತು, ಏರಿದ್ದು ವೇಗ ಮಾತ್ರ. ಎಂಟು ವರ್ಷದವಳಿದ್ದಾಗಲೇ ಅಪ್ಪ ಹೇಳಿಕೊಟ್ಟ ಪಾಠ ಇದು. ಟೇಪನ್ನು ಕಣ್ಣಿನಲ್ಲಿ ನೋಡಿದವಳು ಕಿವಿಯಲ್ಲಿ ಕೇಳಲೇ ಇಲ್ಲ. ಕೆಂಪು ಬಣ್ಣ ಕಂಡದ್ದೇ, ಒಬ್ಬ ಮನುಷ್ಯನ ಇಡೀ ಆಯುಷ್ಯದ ವಿದ್ಯೆಯನ್ನು ತಪ್ಪು ಎಂದು ಒಪ್ಪಿಕೊಂಡುಬಿಟ್ಟೆ.

"ನೀವು ಹಿಂಗೆ ಊದಿಲ್ಲ. ನಾನು ಇದನ್ನ ತಿದ್ದಿಬಿಟ್ಟೆ" ಎಂದೆ.

"ಎಂತಕ್ಕೆ ಮಗ?"

ಡ್ರಮ್ಮು ನಿಲ್ಲಿಸಿದೆ. ಸಿಂಕ್ ತೆಗೆದೆ. ತಿದ್ದದೆ ಉಳಿದಿದ್ದ ಮೂಲವನ್ನು ಹುಡುಕಿ ಮೊದಲಿನಿಂದ ಹಾಕಿದೆ. ಗಡಿಬಿಡಿಯಲ್ಲಿ ಬೆರಳು ಮತ್ತೆ ಆ ಹಾಳು ಗುಂಡಿಗೇ ಹೋಯಿತು. ಎರಡನೆಯ ಸಲ ಹೋದಾಗ ನನ್ನ ಹಣೆಯ ಸ್ಟಿಕ್ಕರ್ ಬೊಟ್ಟು ಕಿತ್ತು ಅದರ ಮೇಲೆ ಅಂಟಿಸಿದೆ, ಬೆರಳಿಗೆ ಗುರುತು ಸಿಗಲಿ ಎಂದು. ಸ್ಪೀಕರಿನಲ್ಲಿ ಕಾಫಿ ಕಣದ ಗಾಳಿ, ಯಾರದೋ ಕೆಮ್ಮು, ಆಮೇಲೆ ಪೀಪಿ. ನಿಧಾನವಾಗಿ ಬಂತು, ಒಂದು ಕಡೆ ತಡೆಯಿತು, ಮತ್ತೆ ಏರಿತು. ಅಜ್ಜಿಯರು ಎದ್ದರು.

ಕಾಳಪ್ಪಣ್ಣ ಮೇಜು ಹಿಡಿದುಕೊಂಡು ನಿಂತಿದ್ದರು. "ಹಾಂ, ಇದು ನಾನೇ" ಎಂದರು. ಕಣ್ಣು ತುಂಬಿತ್ತು. ಪವಿತ್ರ ಕುಣಿಯುವುದು ಬಿಟ್ಟು ಓಡಿಬಂದು ಅವರನ್ನು ತಬ್ಬಿಕೊಂಡಳು. ಅಷ್ಟಕ್ಕೇ ಮುಗಿದಿದ್ದರೆ ನಾನೂ ಅತ್ತು ಸುಮ್ಮನಾಗುತ್ತಿದ್ದೆನೇನೋ. ಆದರೆ ಅವರು ಮೊಮ್ಮಗಳನ್ನು ಬಿಡಿಸಿ ವಾಪಸು ಕುಣಿಯಲು ಕಳಿಸಿ, ಅವಳ ಕಾಲನ್ನೇ ನೋಡುತ್ತ, "ಅವತ್ತು ಕುಣ್ದೋರು ಬೇರೆ ಮಗ, ಎಸ್ಟೇಟಿನ ಗಟ್ಟಿ ಆಳುಗಳು. ಇವ್ಳ ಕಾಲಿಗೆ ಇದು ಜಾಸ್ತಿ ಆಯ್ತು. ಇದ್ರಲ್ಲಿ ಜೋರು, ಮೆಲ್ಲ ಮಾಡೂದು ಯಾವ್ದು?" ಎಂದು ಕೇಳಿದರು.

ಹಾಡಿನ ವೇಗ ಬದಲಿಸುವ ಸ್ಲೈಡರ್ ತೋರಿಸಿದೆ. ಕೆಳಗೆ ಎಳೆದರೆ ಜೋರು, ಮೇಲೆ ತಳ್ಳಿದರೆ ನಿಧಾನ. ಯಾವ ಪುಣ್ಯಾತ್ಮನ ತಲೆಯಲ್ಲಿ ಹುಟ್ಟಿದ ಏರ್ಪಾಡೋ. ಕಾಳಪ್ಪಣ್ಣನಿಗೆ ಅದನ್ನು ಕಲಿಯಲು ಎರಡು ಹೆಜ್ಜೆಯ ಹೊತ್ತು ಬೇಕಾಯಿತು. ಆಮೇಲೆ ಅವರು ಪರದೆಯ ಕಡೆ ಒಂದು ಸಲವೂ ನೋಡಲಿಲ್ಲ. ಹೆಬ್ಬೆರಳು ಸ್ಲೈಡರಿನ ಮೇಲೆ, ಕಣ್ಣು ನೆಲದ ಮೇಲೆ. ಮದುಮಗಳ ಉಸಿರು ನೋಡಿ ತಡೆದರು, ಮದುಮಗನ ಸೋಮಾರಿತನ ನೋಡಿ ಏರಿಸಿದರು, ಅಜ್ಜಿಯರಿಗೆಂದು ಒಂದಿಷ್ಟು ದೂರ ಮೆಲ್ಲಗೆ ಕರೆದೊಯ್ದರು. ಊಟದ ಪಂಕ್ತಿ ತಡವಾಯಿತೆಂದು ಅಡಿಗೆಯವರು ಬಂದು ಕೂಗಾಡಿದರು. ಯಾರೂ ಕೇಳಿಸಿಕೊಳ್ಳಲಿಲ್ಲ.

ಈಗ ಯಾರಾದರೂ ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದರೆ, ಅದರಲ್ಲಿ ಏನೇನಿದೆ ಎಂದು ನೋಡಬೇಡಿ, ಬೇಡ ಎಂದಾಗ ಸುಮ್ಮನಿರುತ್ತದೆಯೇ ನೋಡಿ ಎನ್ನುತ್ತೇನೆ. ನಾನು ಮೇಷ್ಟ್ರನ್ನೇ ಇಟ್ಟುಕೊಂಡಿದ್ದೇನೆ. ಪ್ರೀತಿಯಿಂದಲ್ಲ, ಹೊಸದಕ್ಕೆ ಬೈಗುಳ ಮೊದಲಿಂದ ಕಲಿಸಬೇಕಲ್ಲ ಎಂಬ ಬೇಸರಕ್ಕೆ. ಗುಂಡಿಯ ಮೇಲಿನ ಬೊಟ್ಟು ಹಾಗೇ ಇದೆ. ವಾಲಗ ಇರುವ ಮದುವೆಗಳಿಗೆ ಕಾಳಪ್ಪಣ್ಣ ನಮ್ಮ ವ್ಯಾನಿನಲ್ಲಿ ಬರುತ್ತಾರೆ, ಮುಂದಿನ ಸೀಟಿನಲ್ಲಿ. ಹಿಂದಿನ ಸೀಟಿನಲ್ಲಿ ನಾನು, ಸ್ಪೀಕರುಗಳ ಜೊತೆ.

ಮೊನ್ನೆ ಒಂದು ಮಂಟಪದಲ್ಲಿ ಇನ್ನೇನು ಶುರು ಮಾಡಬೇಕು, ಪರದೆಯ ನಡುವೆ ಒಂದು ಚೌಕ ಎದ್ದು ನಿಂತಿತು. ಹೊಸ ಆವೃತ್ತಿ ಬಂದಿದೆಯಂತೆ, ಇನ್ನು ಮುಂದೆ ಅಡ್ಡಾದಿಡ್ಡಿ ತಾಳವನ್ನೆಲ್ಲ ಅದು ತಾನಾಗಿಯೇ ತಿದ್ದುತ್ತದಂತೆ, ಹಾಕಿಕೊಳ್ಳಲೇ ಎಂದು ಕೇಳುತ್ತಿತ್ತು. ಮೈಕು ಆಫ್ ಇದೆಯೇ ಎಂದು ನೋಡಿಕೊಂಡು ಬಾಯಿ ತೆರೆದೆ.

"ಅದು ಎಂತ ಕೇಳ್ತಾ ಉಂಟು ಮಗ?" ಎಂದರು ಕಾಳಪ್ಪಣ್ಣ.

"ನಿಮ್ಮನ್ನ ತಿದ್ದಲಾ ಅಂತ ಕೇಳ್ತಿದೆ."

ಅವರು ಹಲ್ಲಿನ ಸೆಟ್ಟು ತೆಗೆದು ಕರವಸ್ತ್ರದಲ್ಲಿ ಒರೆಸಿ ಮತ್ತೆ ಹಾಕಿಕೊಂಡು, ಸ್ಲೈಡರಿನ ಮೇಲೆ ಹೆಬ್ಬೆರಳಿಟ್ಟರು. "ಮೊದ್ಲು ಅದು ಒಂದ್ಸಲ ಬಂದು ಕುಣೀಲಿ, ಆಮೇಲೆ ನೋಡುವ ಅಂತ ಹೇಳು."