ಮೇಡಂ ಕೇಳಿಸಿಕೊಂಡ ಮಾತು

ನಮ್ಮ ಮೇಡಂ ಬಲಗೈಯಲ್ಲಿ ಮೂರೇ ಬೆರಳು. ಕಿರುಬೆರಳು, ಉಂಗುರದ ಬೆರಳು ಇದ್ದ ಜಾಗದಲ್ಲಿ ಚರ್ಮ ನುಣ್ಣಗೆ ಹೊಳೆಯುತ್ತಿತ್ತು.

ಅವರು ನನ್ನ ಪಿಎಚ್‌ಡಿ ಗೈಡ್, ಕೆ.ಆರ್. ಪೇಟೆ ಕಡೆಯವರು. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಹಳ್ಳಿ ಹಳ್ಳಿ ತಿರುಗಿ ಜನರ ಮಾತು ರೆಕಾರ್ಡ್ ಮಾಡುವುದು, ಅದನ್ನು ಅಕ್ಷರಕ್ಕಿಳಿಸಿ ಯಾವ ಪದ ಯಾರ ಬಾಯಲ್ಲಿ ಹೇಗೆ ಬರುತ್ತದೆಂದು ಪೈಥಾನ್ ಪ್ರೋಗ್ರಾಮಿನಿಂದ ಹುಡುಕುವುದು ನಮ್ಮ ಸಂಶೋಧನೆ. ನನ್ನ ಮೊದಲ ಪ್ರೋಗ್ರಾಮು ‘ಅಂಗೆ’ ಎಂದದ್ದನ್ನೆಲ್ಲ ‘ಹಾಗೆ’ ಎಂದು ತಿದ್ದಿಬಿಟ್ಟಿತ್ತು. ಮೇಡಂ ಕೆಂಡವಾದರು. “ನಮ್ಮವ್ವನ ಬಾಯ್ಗೆ ಬೀಗ ಆಕಕ್ಕೆ ನೀನ್ಯಾರಯ್ಯ? ಅವ್ರು ಅಂದಂಗೇ ಇರ್ಲಿ ಬುಡು!”

ಒಂದು ಮಧ್ಯಾಹ್ನ ನಾಗಮಂಗಲದ ಹತ್ತಿರದ ಹಳ್ಳಿಯಲ್ಲಿ ಅಜ್ಜಿಯೊಬ್ಬರು ಜಗಲಿಯಲ್ಲಿ ಕೂತು ರಾಗಿ ಒಕ್ಕಣೆಯ ವಿಷಯ ಹೇಳುತ್ತಿದ್ದರು. ಜಗಲಿಗೆ ಅಂಟಿಕೊಂಡಂತಿದ್ದ ಪಕ್ಕದ ಮನೆಯಲ್ಲಿ ಗಂಡಸೊಬ್ಬ ಅರಚಿದ: “ತವ್ರಿಗೋಯ್ತೀಯೇನೇ? ಕೊಂದಾಕ್ಬುಡ್ತೀನಿ!”

“ಅದು ದಿನಾ ಇದ್ದದ್ದೇ ಕಣವ್ವ,” ಎಂದು ಅಜ್ಜಿ ಮಾತು ಮುಂದುವರಿಸಿದರು. ಸ್ವಲ್ಪ ಹೊತ್ತಿಗೆ ಹೆಂಗಸು ಚೀರಿದಳು. ಮೇಡಂ ಓಡಿದರು, ಹಿಂದೆಯೇ ನಾನು. ಮಚ್ಚು ಆಗಲೇ ಅವಳ ಕುತ್ತಿಗೆಗೆ ಬಿದ್ದಿತ್ತು. ರಕ್ತ ಗೋಡೆಗೆ ಚಿಮ್ಮಿತ್ತು. ಅವನು ಮತ್ತೆ ಎತ್ತಿದ ಮಚ್ಚಿಗೆ ಮೇಡಂ ಬರಿಗೈ ಒಡ್ಡಿದರು. ಬೆರಳುಗಳು ನನ್ನ ಕಾಲ ಬಳಿ ಬಿದ್ದವು. ಮೂಲೆಯಲ್ಲಿದ್ದ ಒನಕೆ ಎತ್ತಿ ಅವನ ಮೊಣಕೈಗೆ ಬಾರಿಸಿದೆ, ಮೂಳೆ ಲಟ್ಟೆಂದಿತು. ಊರವರು ನುಗ್ಗಿ ಅವನನ್ನು ಕೆಡವಿಕೊಂಡರು. ಆ ಹೆಂಗಸು ಮೇಡಂ ತೊಡೆಯ ಮೇಲೇ ಪ್ರಾಣ ಬಿಟ್ಟಳು.

ಜಗಲಿಯಲ್ಲಿ ರೆಕಾರ್ಡರ್ ಓಡುತ್ತಲೇ ಇತ್ತು. ಬೈಗುಳಕ್ಕೂ ಚೀರಾಟಕ್ಕೂ ನಡುವಿನ ಭಾಗವನ್ನು ಪ್ರೋಗ್ರಾಮು ಅಕ್ಷರಕ್ಕಿಳಿಸುವಾಗ ಬರಿಯ ಗದ್ದಲವೆಂದು ಬಿಟ್ಟುಬಿಟ್ಟಿತ್ತು. ಮೇಡಂ ಆಸ್ಪತ್ರೆಯ ಮಂಚದ ಮೇಲೆ, ಕೈಗೆ ಬ್ಯಾಂಡೇಜು ಸುತ್ತಿಕೊಂಡೇ, ಆ ಭಾಗವನ್ನು ಮತ್ತೆ ಮತ್ತೆ ಕೇಳಿದರು. ಆಮೇಲೆ ಪೊಲೀಸರನ್ನು ಕರೆಸಿದರು.

ಕೋರ್ಟಿನಲ್ಲಿ ಅವನ ವಕೀಲರು ನಮ್ಮ ಸಂಶೋಧನೆಯನ್ನೇ ಹಿಡಿದುಕೊಂಡರು. “ಈ ಕಡೆ ತಾಯಂದಿರು ಮಕ್ಕಳಿಗೂ ‘ಕೊಂದಾಕ್ಬುಡ್ತೀನಿ’ ಅಂತಾರೆಂದು ನೀವೇ ಬರೆದಿದ್ದೀರಿ. ಅದು ಬರೀ ಬಾಯಿಮಾತು; ಇದು ಮೊದಲೇ ಯೋಚಿಸಿ ಮಾಡಿದ ಕೊಲೆಯಲ್ಲ, ಕ್ಷಣದ ಸಿಟ್ಟು. ಹೌದೋ ಅಲ್ಲವೋ?”

“ಹೌದು,” ಎಂದರು ಮೇಡಂ.

ಸತ್ತವಳ ತಾಯಿ ಬೆಂಚಿನಿಂದ ಎದ್ದೇ ನಿಂತರು.

“ಆದ್ರೆ ಇವ್ನು ಅಷ್ಟಕ್ಕೇ ಬಿಡಲಿಲ್ಲ ಸ್ವಾಮಿ. ದನಿ ತಗ್ಗಿಸಿ, ಅವಳನ್ನೇ ಕೇಳಿದಾನೆ: ‘ಮಚ್ಚೆಲ್ ಮಡ್ಗಿದ್ದೀಯೆ?’ ಕಾಯಿ ಸುಲಿಯಕ್ಕೇನೋ ಅಂದ್ಕೊಂಡು ಅವಳು ಹೇಳಿದಾಳೆ: ‘ಒಲೆ ಪಕ್ದಲೈತೆ, ನೋಡಿ.’”

ರೆಕಾರ್ಡಿಂಗ್ ಹಾಕಿದರು. ಮಗಳ ದನಿ ಕೇಳಿ ಆ ತಾಯಿ ನೆಲಕ್ಕೆ ಹಣೆ ಚಚ್ಚಿಕೊಂಡರು. ಅವನಿಗೆ ಜೀವಾವಧಿಯಾಯಿತು.

ಈಗ ನಾನೂ ಪಾಠ ಮಾಡುತ್ತೇನೆ. ಪ್ರೋಗ್ರಾಮು ಗದ್ದಲವೆಂದು ಬಿಟ್ಟದ್ದನ್ನೆಲ್ಲ ವಿದ್ಯಾರ್ಥಿಗಳಿಗೆ ಕಿವಿಯಾರೆ ಕೇಳಿಸುತ್ತೇನೆ. ಅವರು ಗೊಣಗುತ್ತಾರೆ, ಗೊಣಗಲಿ.

ಮೇಡಂ ಹೋದ ವರ್ಷ ಕಾಯಿಲೆಯಿಂದ ತೀರಿಕೊಂಡರು. ಕೆ.ಆರ್. ಪೇಟೆಯ ಅವರ ಹೊಲದಲ್ಲಿ ಮಣ್ಣು ಮಾಡುವಾಗ ಆ ತಾಯಿ ಎರಡು ಬಸ್ಸು ಬದಲಿಸಿ ಬಂದಿದ್ದರು. ಮಣ್ಣು ಹಾಕಿ, ಕೈ ಕೊಡವದೆ ನನ್ನ ಪಕ್ಕ ನಿಂತು ಹೇಳಿದರು: “ನನ್ ಮಗ್ಳ ಮಾತ ಕೊನೆಗಂಟ ಕೇಳ್ದೋಳು ಈವಮ್ಮ ಒಬ್ಳೇ ಕಣಪ್ಪ.”