ಮೊಣಕೈ ಮೇಲಿನ ಹೆಲ್ಮೆಟ್

ಕೊಲಂಬಿಯಾದ ಕಡಲ ಸೀಮೆಯ ಪಾಲ್ಮಾರಿತೊ ಊರಲ್ಲಿ ನೂರಿಸ್ ತಲೆ ಎಣಿಸುವ ಹೆಂಗಸು. ಹೆಲ್ಮೆಟ್ ಕಾಯ್ದೆ ಬಂದ ಆರು ವರ್ಷದಿಂದ, ಎಷ್ಟು ಬೈಕಿನವರು ಹಾಕಿದ್ದಾರೆ, ಎಷ್ಟು ಮಂದಿ ಹಾಕಿಲ್ಲ ಎಂದು ನಗರಸಭೆಯ ಹಳದಿ ಜಾಕೀಟು ತೊಟ್ಟು ರಸ್ತೆಬದಿ ನಿಂತು ಹಾಳೆಯ ಮೇಲೆ ಗೆರೆ ಎಳೆಯುವುದೇ ಅವಳ ಕಸುಬು. ನೂರಕ್ಕೆ ತೊಂಬತ್ತು ಮಂದಿ ಹಾಕಿದ್ದಾರೆ ಎಂದು ಅವಳ ಹಾಳೆ ಹೇಳುತ್ತಿತ್ತು. ನಗರಸಭೆಯವರು ಬೀಗಿದರು. ತಲೆ ಒಡೆದುಕೊಂಡು ಆಸ್ಪತ್ರೆಗೆ ಬರುವವರು ಮಾತ್ರ ಒಬ್ಬರೂ ಕಡಿಮೆಯಾಗಲಿಲ್ಲ.

ಈ ತಾಳೆಯಾಗದ ಲೆಕ್ಕ ಅವಳ ಎದೆಯಲ್ಲಿ ಕಲ್ಲಿನಂತೆ ಕೂತಿತ್ತು. ಗಂಡ ಎವೆಲಿಯೊ ಬೈಕಿನಲ್ಲಿ ಬಾಡಿಗೆಗೆ ಜನರನ್ನು ಕೂರಿಸಿಕೊಂಡು ಹೋಗುವವನು.

ಅವಳು ನಿಲ್ಲುವ ಜಾಗದ ಪಕ್ಕದಲ್ಲಿ ಮೆಕ್ಕೆಜೋಳದ ರೊಟ್ಟಿ ಕರಿಯುವ ಮುದುಕಿ ತೊಮಾಸಾ ಒಂದು ಬೆಳಿಗ್ಗೆ ಕೆಣಕಿದಳು.

"ಆ ಹಳದಿ ಜಾಕೀಟು ತೊಟ್ಟು ನಿಂತ್ರೆ ನಿನ್ನ ಪೊಲೀಸು ಅನ್ನದೆ ಮದುವಣಗಿತ್ತಿ ಅಂತಾರೇನೇ? ದೂರದಿಂದ ಕಂಡ ಕೂಡ್ಲೇ ತಲೆಗೆ ಏರಿಸ್ತಾರೆ, ದಾಟಿದ್ ಕೂಡ್ಲೇ ಮೊಣಕೈಗೆ ಇಳಿಸ್ತಾರೆ."

"ಎಲ್ಲಾರೂನಾ?"

"ನಿನ್ ಗಂಡನ್ನೂ ಸೇರಿಸ್ಕೋ ತಾಯಿ. ತಲೆ ಬೆಂದೋಗ್ತದೆ ಅಂತಾನೆ. ಮೊಣಕೈ ಒಂದು ಭದ್ರವಾಗೈತೆ ಬಿಡು!"

ನೂರಿಸ್ ನಗಲಿಲ್ಲ. ಜಾಕೀಟು ಬಿಚ್ಚಿ ಚೀಲಕ್ಕೆ ತುರುಕಿ, ಸೇತುವೆಯ ತಿರುವಿಗೆ ನಡೆದು ಮರದ ಮರೆಯಲ್ಲಿ ನಿಂತಳು. ಇಪ್ಪತ್ತು ಬೈಕು ಹೋದವು. ತಲೆಯ ಮೇಲಿದ್ದದ್ದು ಮೂರು. ಪ್ರತಿ ಬೈಕಿನ ಸದ್ದಿಗೂ ಎವೆಲಿಯೊ ಇರಬಹುದೇ ಎಂದು ಅವಳು ಇಣುಕುತ್ತಿದ್ದಳು.

ಇಪ್ಪತ್ತೊಂದನೆಯವನು ಎವೆಲಿಯೊ. ನೀಲಿ ಹೆಲ್ಮೆಟ್ ಮೊಣಕೈಯಲ್ಲಿ ಜೋತಾಡುತ್ತಿತ್ತು. ಬೆನ್ನಿಗೇ ಬಾಳೆಕಾಯಿ ಲಾರಿ. ಕೂಗಿದರೆ ತಿರುಗಿ ನೋಡಿ ಅಲ್ಲೇ ಬಿದ್ದಾನು. ದಿಕ್ಕು ತೋಚದೆ ಅವಳು ಚೀಲದಿಂದ ಜಾಕೀಟು ಎಳೆದು ಎತ್ತಿ ಹಿಡಿದಳು.

ಹಳದಿ ಕಂಡದ್ದೇ ಅವನು ಹ್ಯಾಂಡಲ್ ಬಿಟ್ಟು ಹೆಲ್ಮೆಟ್ಟಿಗೆ ಕೈ ಹಾಕಿದ. ಬೈಕು ಹಾವಿನಂತೆ ಹೊರಳಿ ಸೇತುವೆಯ ಅಂಚಿಗೆ ಜಾರಿತು. ಲಾರಿ ಅರಚಿತು. ನೂರಿಸ್ ಕಣ್ಣು ಮುಚ್ಚಿಕೊಂಡಳು.

ತೆರೆದಾಗ ಅವನು ಸೇತುವೆ ದಾಟಿದ್ದ, ತಲೆಯ ಮೇಲೆ ಹೆಲ್ಮೆಟ್ ಸಮೇತ. ಹೆಂಡತಿಯ ಗುರುತು ಸಹ ಹಿಡಿದಿರಲಿಲ್ಲ.

ಅವಳು "ಹಾಕಿಲ್ಲ" ಎಂಬ ಸಾಲಿನಲ್ಲೇ ಅವನ ಗೆರೆ ಎಳೆದಳು. ಹಾಳೆಯ ನೆತ್ತಿಯಲ್ಲಿ "ಜಾಕೀಟು ಇಲ್ಲದೆ ಎಣಿಸಿದ್ದು" ಎಂದು ದಪ್ಪಗೆ ಬರೆದಳು. ಆಚೆ ತಿರುವಿನಲ್ಲಿ ಅವನ ಕೈ ಈಗಾಗಲೇ ಹೆಲ್ಮೆಟ್ ಬಿಚ್ಚಲು ಗದ್ದದ ಪಟ್ಟಿಗೆ ಹೋಗಿರುತ್ತದೆ. ಬೈಕಿನ ಸದ್ದು ಅಳಿಯುವವರೆಗೂ ಅವಳು ಕಿವಿಗೊಟ್ಟು ನಿಂತೇ ಇದ್ದಳು.